ಕೊಂಬುಗಳ ನಡುವಿನ ಜಾಗ

ಅಧ್ಯಕ್ಷರೇ, ನಾರಿನ್ ಪಟ್ಟಣದ ಹಿರಿಯರೇ, ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನನ್ನ ಹೊಲಿಗೆಯ ಗೆಳತಿಯರೇ, ಸಭಿಕರೇ,

ನಿನ್ನೆ ಮಧ್ಯಾಹ್ನ ನಮ್ಮ ನೆಲಹಾಸುಗಳ ಸಂಘದಲ್ಲಿ ಉಣ್ಣೆ ಒತ್ತಿ ಮಾಡಿದ ಎರಡು ದಪ್ಪ ಹಾಳೆಗಳು ಹಾಳಾದವು. ಒಂದು ಕೆಂಪು, ಒಂದು ಕಪ್ಪು. ಸುದ್ದಿ ತಂದವಳು ಉಗ್ರಾಣ ನೋಡಿಕೊಂಡು ಹಾಳೆಯನ್ನೂ ಕತ್ತರಿಸುವ ಝಿಪಾರ್. ಆಕೆ ಸುಳ್ಳು ಹೇಳುವವಳಲ್ಲ. ಅದಕ್ಕೆ ಬೇಕಾದ ತಾಳ್ಮೆ ಅವಳಿಗಿಲ್ಲ.

ಬೀಳ್ಕೊಡುಗೆಯ ದಿನ ಇದೇಕೆ ಎನ್ನುತ್ತೀರಾ? ಮೂವತ್ತೆಂಟು ವರ್ಷ ಆ ಹಾಳೆಗಳ ಮೇಲೆ ಸೀಮೆಸುಣ್ಣದಲ್ಲಿ ಚಿತ್ತಾರ ಬರೆದವಳು ನಾನು. ನನ್ನ ಜಾಗಕ್ಕೆ ಶಿಷ್ಯೆ ಅಸಿಲ್‌ಕಾನ್ ಬರಬೇಕಿತ್ತು. ಬಂದದ್ದು ಕಂಪ್ಯೂಟರ್. ಈಗ ತಾನೇ ಓದಿದ ಅಭಿನಂದನಾ ಪತ್ರವನ್ನೂ ಅದೇ ಬರೆದಿದೆ. ನನ್ನ ನೇಯ್ಗೆ ಅದ್ಭುತವಂತೆ! ನಾನು ಜನ್ಮದಲ್ಲಿ ಒಂದು ಎಳೆ ನೇಯ್ದಿಲ್ಲ ಸ್ವಾಮೀ.

ನನ್ನನ್ನು ಅಕ್ಕನೆಂದು ಕರೆಯುವ ವ್ಯವಸ್ಥಾಪಕ ಎರ್ಮೆಕ್ ಹೇಳಿದ: "ಎಜೆ, ಹತ್ತು ಸೆಕೆಂಡಿಗೆ ನಲವತ್ತು ಚಿತ್ತಾರ ಕೊಡತ್ತೆ. ನಿಮಗೆ ಒಂದಕ್ಕೇ ಮೂರು ದಿನ ಬೇಕು."

"ನಲವತ್ತೂ ಚೆನ್ನಾಗಿವೆ ಕಣಪ್ಪಾ. ಒಂದನ್ನ ಕತ್ತರಿಸಿ ತೋರ್ಸು" ಅಂದೆ.

ನಾನಿಲ್ಲದಾಗ ನಿನ್ನೆ ಕತ್ತರಿಸಿದರು. ನಾವು ಎರಡು ಬಣ್ಣದ ಹಾಳೆ ಒಂದರ ಮೇಲೊಂದಿಟ್ಟು ಒಂದೇ ಚಾಕುವಿನಲ್ಲಿ ಕತ್ತರಿಸುವವರು. ಕೆಂಪಿನಲ್ಲಿ ಕತ್ತರಿಸಿದ ಟಗರುಕೊಂಬಿನ ಚಿತ್ತಾರ ಕಪ್ಪಿನಲ್ಲಿ ಕೂರಬೇಕು, ಕಪ್ಪಿನದು ಕೆಂಪಿನಲ್ಲಿ. ಒಂದು ಚಿತ್ತಾರಕ್ಕೆ ಎರಡು ಹಾಸು, ಚೂರೂ ದಂಡವಿಲ್ಲ. ಯಂತ್ರ ಬರೆದ ಕೊಂಬುಗಳೇನೋ ಚೆಂದ. ಆದರೆ ಇನ್ನೊಂದು ಹಾಸಿನ ಕೊಂಬಾಗಬೇಕಾದ ನಡುವಿನ ಜಾಗ ದಾರದಷ್ಟು ಸಣ್ಣ. ಎತ್ತಿದೊಡನೆ ಹರಿಯಿತು.

ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ಬರೆದಿದ್ದೆ. ಅತ್ತೆ ಕೈಮೇಲೆ ಹೊಡೆದು, "ಅರ್ಧ ಬರ್ದಿದೀಯಲ್ಲೇ! ಉಳಿದರ್ಧ ಬರೆಯೋಕೆ ನಿಮ್ಮಪ್ಪ ಬರ್ತಾನಾ?" ಅಂದರು.

ನಿನ್ನೆ ಸಂಜೆ ಅದನ್ನೇ ಎರ್ಮೆಕ್‌ಗೂ ಹೇಳಿ, "ಅಸಿಲ್‌ಕಾನ್‌ಗೆ ಇದೆಲ್ಲ ಗೊತ್ತು" ಎಂದೆ. ಆತ ಕೇಳಿದ: "ಹಾಗಿದ್ರೆ ಅವಳು ಬರೆದ ಒಂದು ಹಾಸು ತೋರ್ಸಿ ಎಜೆ."

ಒಂದೂ ಇರಲಿಲ್ಲ. ಹನ್ನೊಂದು ವರ್ಷ ಅವಳ ಗೆರೆಗಳನ್ನು "ಇನ್ನೂ ಪಳಗಬೇಕು" ಎಂದು ಒರೆಸಿ ನಾನೇ ಬರೆದೆ. ಯಾರನ್ನು ಬೈಯಲಿ? ಕಂಪ್ಯೂಟರನ್ನೇ? ಅದು ಯಾರ ಗೆರೆಯನ್ನೂ ಒರೆಸಿಲ್ಲ.

ಅಧ್ಯಕ್ಷರು ಒಂದು ಅವಕಾಶ ಕೊಟ್ಟಿದ್ದಾರೆ. ಶಿಷ್ಯೆಯ ಗೆರೆಯಲ್ಲಿ ಕತ್ತರಿಸಿ ಎರಡೂ ಹಾಸು ಕೂಡಿದರೆ ಕೆಲಸ ಅಸಿಲ್‌ಕಾನ್‌ಳದು, ಹರಿದರೆ ಇಲ್ಲ. ಅಸಿಲ್‌ಕಾನ್, ನನ್ನ ಸೀಮೆಸುಣ್ಣದ ಡಬ್ಬಿ ನಿನ್ನ ಕುರ್ಚಿಯ ಕೆಳಗಿದೆ, ತಗೋ.

ನಿಲುವಂಗಿ ತೊಡಿಸಿ ಗೌರವಿಸಿದ ನಿಮಗೆಲ್ಲ ವಂದನೆಗಳು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೊಸ ಹಾಳೆ ಹಾಸುತ್ತಾರೆ. ಗೆರೆ ಅವಳದು, ಚಾಕು ಝಿಪಾರ್‌ಳದು. ನಾನು ಬರುವುದಿಲ್ಲ. ನಮಸ್ಕಾರ.