ಒಂದೇ ಮುಚ್ಚಳದ ರೊಟ್ಟಿ

"ನಮ್ಮ ಕಂಪನಿ ನಡಿಯೂ ತನಕ ಮಧ್ಯಾಹ್ನದ ರೊಟ್ಟಿ ನಾ ಒಬ್ಬಾವನ ತಿನ್ನಾಂಗಿಲ್ಲ" ಎಂದು ಬಹಳ ಹಿಂದೆ ಒಬ್ಬ ತನ್ನ ಜೊತೆಗಾರರಿಗೆ ಮಾತು ಕೊಟ್ಟಿದ್ದ. ಕೊಟ್ಟಾಗ ಅವನಿನ್ನೂ ಶ್ರೀಮಂತನಾಗಿರಲಿಲ್ಲ. ಶ್ರೀಮಂತನಾಗುವ ಮೊದಲು ಮಾತು ಕೊಡುವುದು ಸುಲಭ, ಅಲ್ಲವೇ?

ಅವನ ಹೆಸರು ಕಲ್ಲಪ್ಪ ಎಂದಿಟ್ಟುಕೊಳ್ಳಿ. ಹೆಸರು ಯಾವುದಾದರೇನು? ಅವನೂ ಅವನ ಗೆಳೆಯ ದಾವಲಸಾಬನೂ ಸೇರಿ, ನಾಲ್ಕು ಜನ ಕೆಲಸಗಾರರನ್ನು ಕಟ್ಟಿಕೊಂಡು, ತಗಡಿನ ಟ್ರಂಕು ಬಡಿಯುವ ಉದ್ಯೋಗ ಹೂಡಿದರು. ಉಣ್ಣಲು ತಟ್ಟೆಗಳಿರಲಿಲ್ಲ. ಇನ್ನೂ ಕೀಲು ಕೂರಿಸದ ಟ್ರಂಕಿನ ಮುಚ್ಚಳವೊಂದನ್ನು ಅಂಗಾತ ಇಟ್ಟರೆ ಅದೇ ಹರಿವಾಣ. ಎಲ್ಲರೂ ಬುತ್ತಿಯನ್ನು ಅದರಲ್ಲೇ ಬಿಚ್ಚಬೇಕು; ಯಾರ ರೊಟ್ಟಿ ಯಾರ ಬಾಯಿಗೆ ಹೋಯಿತೆಂದು ಕೇಳಬಾರದು. ಅಲ್ಲಿಯ ಪದ್ಧತಿ ಅದು.

ಈಗ ನೋಡಿ, ಕಂಪನಿ ಎನ್ನುತ್ತೇವಲ್ಲ, ಆ ಪದ ನಮಗೆ ಇಂಗ್ಲಿಷಿನಿಂದ ಬಂತು. ಇಂಗ್ಲಿಷಿಗೆ ಫ್ರೆಂಚಿನಿಂದ, ಫ್ರೆಂಚಿಗೆ ರೋಮಿನವರ ಹಳೆಯ ಲ್ಯಾಟಿನ್ನಿನಿಂದ. ಅಲ್ಲಿ 'ಕೊಂ' ಅಂದರೆ ಜೊತೆ, 'ಪಾನಿಸ್' ಅಂದರೆ ರೊಟ್ಟಿ. ಜೊತೆಗೆ ಕೂತು ರೊಟ್ಟಿ ತಿನ್ನುವವರ ಬಳಗವೇ ಕಂಪನಿ. ಆಮೇಲೆ ದಂಡಿನ ತುಕಡಿಗೂ ವ್ಯಾಪಾರಿಗಳ ಕೂಟಕ್ಕೂ ಅದೇ ಹೆಸರಾಯಿತು. ನಮ್ಮ ನಾಟಕದವರೂ ಕಂಪನಿ ಕಟ್ಟಿದರು. "ಚಾಕ್ಕ ಕಂಪನಿ ಕೊಡು ಬಾ" ಎಂದು ನೀವು ಗೆಳೆಯನನ್ನು ಕರೆಯುತ್ತೀರಲ್ಲ, ಆಗ ಆ ಪದ ತವರಿಗೆ ಹೋಗಿ ಬರುತ್ತದೆ.

ಇರಲಿ. ಟ್ರಂಕು ಹೋಗಿ ಕಪಾಟು ಬಂತು, ಶೆಡ್ಡು ಹೋಗಿ ಕಾರ್ಖಾನೆ ಬಂತು. ಕಲ್ಲಪ್ಪ ಧಣಿಯಾದ, ದಾವಲಸಾಬ ಸುತ್ತಿಗೆ ಹಿಡಿದ ಕೆಲಸಗಾರನಾಗಿಯೇ ಉಳಿದ. ಕಲ್ಲಪ್ಪನಿಗೆ ತಂಪು ಗಾಳಿಯ ಕೋಣೆ ಬಂತು, ಊಟವೂ ಅಲ್ಲಿಗೇ ಬಂತು. ಕೊಟ್ಟ ಮಾತು ಮರೆತನೇ? ಇಲ್ಲ. ಅದಕ್ಕೇ ಒಂದು ಉಪಾಯ ಹೂಡಿದ. ಖಾನಾವಳಿಯಿಂದ ದಿನಾ ಎಲ್ಲರಿಗೂ ಊಟದ ಡಬ್ಬಿ ತರಿಸಿದ. ತಾನೂ ಕೋಣೆಯಲ್ಲಿ ಅದನ್ನೇ ಉಂಡ. ಒಂದೇ ಅಡುಗೆ ಉಂಡರೆ ಜೊತೆಗೆ ಉಂಡ ಹಾಗೆಯೇ ಎಂದು ತನಗೆ ತಾನೇ ಹೇಳಿಕೊಂಡ. ನೋಡಿ, ಮನಸ್ಸಿನ ಚಾಲಾಕಿ ಹೇಗಿರುತ್ತದೆ.

ಡಬ್ಬಿ ಬಂದ ಮೇಲೆ ಮುಚ್ಚಳ ಯಾರಿಗೆ ಬೇಕು? ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಒಂದು ಮಧ್ಯಾಹ್ನ ದಾವಲಸಾಬ ತನ್ನ ಸುತ್ತಿಗೆ ತಂದು ಧಣಿಯ ಮೇಜಿನ ಮೇಲಿಟ್ಟ.

"ನಾಳಿಂದ ಬರೂದಿಲ್ರಿ ಧಣಿ."

ಕಲ್ಲಪ್ಪ ಆ ಸುತ್ತಿಗೆಯನ್ನೇ ನೋಡಿದ. ಇವನೊಬ್ಬ ಹೋದರೆ ತನ್ನನ್ನು ಹೆಸರು ಹಿಡಿದು ಬೈಯಬಲ್ಲವರು ಯಾರೂ ಉಳಿಯುವುದಿಲ್ಲ.

"ಯಾಕ, ಊಟ ಸರಿ ಇಲ್ಲೇನು?"

"ಊಟ ಭಾಳ ಚಲೋ ಐತ್ರಿ. ದಿನಾ ಮದಿವಿ ಮನ್ಯಾಗ ಉಂಡಂಗ ಆಗ್ತೈತಿ."

"ಮತ್ತೇನು?"

"ಮದಿವಿ ಅಂದ ಮ್ಯಾಲ ಮದಿಮಗನ ಮಾರಿ ಕಾಣಬೇಕಲ್ರಿ. ನಿಮ್ಮ ಮಾರಿ ನೋಡಿ ಆರು ತಿಂಗಳಾತು."

"ನನಗ ರೀ ಹಚ್ಚಬ್ಯಾಡ, ದಾವಲ್."

"ಹಚ್ಚದ ಏನ್ಮಾಡ್ಲಿ? ಕಲ್ಯಾ ಅನ್ನಾಕ ಕೂಡ ಕುಂತು ಉಣ್ಣಾವ ಬೇಕು."

ಕಲ್ಲಪ್ಪ ಕುರ್ಚಿಯಿಂದ ಎದ್ದ. ಡಬ್ಬಿ ಎತ್ತಿಕೊಂಡು ಕೆಳಗಿಳಿದ. ಬಣ್ಣ ಹಚ್ಚದ ತಗಡೊಂದನ್ನು ನೆಲಕ್ಕೆ ಹಾಸಿ, ಊಟವನ್ನೆಲ್ಲ ಅದರ ನಡುವೆ ಸುರಿದು ಕೂತ. ಯಾರೂ ಹತ್ತಿರ ಬರಲಿಲ್ಲ. ಧಣಿಯ ತಟ್ಟೆಗೆ ಕೈ ಹಾಕುವುದು ಹೇಗೆ? ಅವನು ತಲೆ ತಗ್ಗಿಸಿ ಕಾದ. ಹಸಿದು ಕಾದ. ಕೊನೆಗೆ ದಾವಲಸಾಬ ಬಂದು ತನ್ನ ಡಬ್ಬಿಯನ್ನೂ ಅಲ್ಲೇ ಸುರಿದ.

"ಸರೀಲೇ ಕಲ್ಯಾ. ಮೈ ಬೆಳಸಿ ಇಬ್ಬರ ಜಾಗಾ ಹಿಡದೀದಿ."

ಒಬ್ಬ ನಕ್ಕ. ಮತ್ತೊಬ್ಬ ಬಂದು ಕೂತ. ಆಮೇಲೆ ಕೂರಲು ಜಾಗ ಸಾಲಲಿಲ್ಲ.

ಅಣ್ಣಂದಿರೇ, ಈ ಕಥೆ ಕಾರ್ಖಾನೆಯದೆಂದು ನಿಶ್ಚಿಂತೆಯಿಂದ ಏಳಬೇಡಿ. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ಯಾವಾಗ ಉಣ್ಣುತ್ತಾಳೆ? ಯಾರ ಜೊತೆ ಉಣ್ಣುತ್ತಾಳೆ? ನೀವೆಲ್ಲ ಕೈ ತೊಳೆದ ಮೇಲೆ, ಒಲೆಯ ಬದಿಗೆ, ಒಬ್ಬಳೇ. ಅವಳಿಗೂ ಅದೇ ರೊಟ್ಟಿ, ಅದೇ ಪಲ್ಯ ಎನ್ನುತ್ತೀರಿ. ಕಲ್ಲಪ್ಪನೂ ಅದನ್ನೇ ಅಂದಿದ್ದ. ಇವತ್ತು ಮನೆಗೆ ಹೋಗಿ, ಬಿಸಿಯದೇ ಬೇಕೆಂಬ ಹಟ ಬಿಡಿ. ಆರಿದರೆ ಆರಲಿ. ಅವಳು ಹಿಟ್ಟಿನ ಕೈ ತೊಳೆದು ಬಂದು ಪಕ್ಕದಲ್ಲಿ ಕೂರುವ ತನಕ ತುತ್ತು ಮುರಿಯಬೇಡಿ. ಇಷ್ಟೇ ಮಾಡಿ. ನಾಳೆಯೂ ಮಾಡಿ.

ಕಲ್ಲಪ್ಪ ಆಮೇಲೆ ಕಾರ್ಖಾನೆ ನಡೆದಷ್ಟು ಕಾಲವೂ ಮಧ್ಯಾಹ್ನದ ಊಟ ಒಬ್ಬನೇ ಮಾಡಲಿಲ್ಲ. ನಡುವೆ ಮುರಿದಿದ್ದ ಮಾತನ್ನು ಕೊನೆಯ ತನಕ ನಡೆಸಿದ.