ಎಡಗೈ ಭಾರವಾಗ್ತಿದೆ

...ಇಲ್ಲ ಇಲ್ಲ, ವಾಚು ಕಳೆದಿಲ್ಲ. ಎಡಗಾಲಿನ ಶೂ ಒಳಗೆ ಕೈ ಹಾಕಿ ನೋಡಿ, ಕಾಲುಚೀಲದ ಕೆಳಗೆ. ಸಿಕ್ತಾ? ನಿಮ್ಮ ಒನ್ನೋ ಅವರದು ಅದೇ ಪದ್ಧತಿ. ಬಂದ ಕೂಡಲೇ ಆ ಬೆಂಚಿನ ಮೇಲೆ ಕೂತು ಶೂ ಬಿಚ್ಚೋರು. ಆಮೇಲೆ ವಾಚು ಬಿಚ್ಚಿ ಎಡಗಾಲಿನ ಶೂ ಒಳಗಿಡೋರು, ಅದರ ಮೇಲೆ ಕಾಲುಚೀಲ ಮಡಚಿ ತುರುಕೋರು. ಟಿಕ್ ಟಿಕ್ ಸದ್ದು ಯಾರಿಗೂ ಕೇಳಬಾರದು ಅಂತ. ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಗಡಿಯಾರದ ಸದ್ದು ಕೇಳಿದ್ರೆ ಬಲಗಾಲು ತಾನಾಗೇ ಕೆಳಗೆ ಒತ್ತುತ್ತೆ ಅಂತಿದ್ರು, ಮಲಗಿದ್ರೂ ಸರಿ!

ನೀವು ನಗ್ತಿಲ್ಲ. ಕ್ಷಮಿಸಿ. ನಗೋ ವಿಷಯ ಅಲ್ಲ.

ಆಂಬುಲೆನ್ಸಿನವರು ಅವರನ್ನ ಬರಿಗಾಲಲ್ಲೇ ಎತ್ತಿಕೊಂಡು ಹೋದ್ರು. ಆ ಗಡಿಬಿಡಿಯಲ್ಲಿ ಶೂ ಯಾರಿಗೆ ನೆನಪಿರುತ್ತೆ... ಆರು ವಾರದಿಂದ ಈ ಬೆಂಚಿನ ಕೆಳಗೇ ಇದ್ವು. ನಾನೇ ತಂದುಕೊಡಬೇಕಿತ್ತು, ಫ್ರೌ ತಮ್ಮೆನಾ. ನಿಮ್ಮನ್ನ ಇಲ್ಲಿಗೆ ಬರೋ ಹಾಗೆ ಮಾಡಬಾರದಿತ್ತು. ಎರಡು ಸಲ ನಿಮ್ಮ ಬೀದಿ ತನಕ ಬಂದೆ. ನಿಜವಾಗ್ಲೂ. ಬೇಲಿಗೆ ಒರಗಿಸಿದ್ದ ಅವರ ಸೈಕಲ್ಲು ನೋಡಿದೆ, ಹಾಗೇ ವಾಪಸ್ ಹೋಗ್ಬಿಟ್ಟೆ.

ಕೂತ್ಕೊಳ್ಳಿ. ದಯವಿಟ್ಟು ಕೂತ್ಕೊಳ್ಳಿ, ಹೀಗೆ ಬಾಗಿಲಲ್ಲಿ ನಿಂತಿದ್ರೆ ನನಗೂ... ಹಾಂ. ಹಾಗೆ. ಚಹಾ ಆಗಿದೆ. ಚರ್ಚಿನ ಸಭಾಮನೆ ಅಂದಮೇಲೆ ಬಟ್ಟಲು ಎಲ್ಲಾ ಒಂದೊಂದು ತರ, ಬೇಜಾರು ಮಾಡ್ಕೋಬೇಡಿ. ಕಲ್ಲುಸಕ್ಕರೆ ಹಾಕಿದೀನಿ, ದೊಡ್ಡ ತುಂಡು. ಕೇಳಿದ್ರಾ, ಬಿಸಿ ಚಹಾ ಬಿದ್ದ ಕೂಡಲೇ ಚಟ್ ಅಂತು! ಈ ಸದ್ದು ಕೇಳಿದ್ರೇ ಅರ್ಧ ಆಯಾಸ ಹೋಗುತ್ತೆ ಅನ್ನೋರು ಒನ್ನೋ. ‘ಗೇಸಿನೆ, ಎಂಟು ವಾರ ನಮ್ಮನ್ನ ನೆಲದ ಮೇಲೆ ಉರುಳಿಸೋ ಬದಲು ಒಂದು ಕೆಟಲ್ ಚಹಾ ಕೊಟ್ಟಿದ್ರೆ ಆಗ್ತಿತ್ತಲ್ಲಮ್ಮಾ’ ಅಂತ. ಎಲ್ಲರ ಮುಂದೆ! ಹದಿನಾರು ವರ್ಷದಿಂದ ಈ ವಿಶ್ರಾಂತಿ ಕೋರ್ಸು ನಡೆಸ್ತಿದೀನಿ, ನನಗೆ ಹಾಗೆ ಹೇಳಿದೋರು ಅವರೊಬ್ಬರೇ.

ಅಯ್ಯೋ, ಆಗಲೇ ಬಟ್ಟಲಿಗೆ ಚಮಚ ಹಾಕಿ ಸಾಕು ಅಂದುಬಿಟ್ರಾ? ಒಂದು ಗುಟುಕೂ ಕುಡಿದಿಲ್ಲ... ಮೂರು ಬಟ್ಟಲು ಆಗೋ ಮುಂಚೆ ನಮ್ಮೂರಲ್ಲಿ ಯಾರಾದ್ರೂ ಸಾಕು ಅಂತಾರಾ? ಸರಿ. ಸರಿ, ಬಲವಂತ ಇಲ್ಲ. ನಾನು ಕುಡೀತೀನಿ.

ಮೊದಲ ಬುಧವಾರ ಅವರು ಬಂದಾಗ ಹೇಗಿದ್ರು ಅಂತ ಹೇಳ್ಲಾ? ವೈದ್ಯರ ಚೀಟಿಯನ್ನ ದಂಡದ ರಸೀದಿ ಹಿಡಿದ ಹಾಗೆ ಹಿಡ್ಕೊಂಡು ನಿಂತಿದ್ರು. ರಕ್ತದೊತ್ತಡ, ನಿದ್ದೆ ಇಲ್ಲ, ಎಲ್ಲಾ ಅದರಲ್ಲಿ ಬರೆದಿತ್ತು. ‘ಮಲಗೋದನ್ನ ಹೇಳಿಕೊಡೋಕೂ ಟೀಚರ್ ಬೇಕಾ?’ ಅಂದ್ರು. ಬೇಕು ಅಂದೆ. ಇಲ್ಲಿಗೆ ಬರೋ ಯಾರಿಗೂ ಸುಮ್ನೆ ಮಲಗೋಕೆ ಬರಲ್ಲ. ಕಣ್ಣು ಮುಚ್ಚಿ, ಮನಸ್ಸಲ್ಲೇ ಹೇಳ್ಕೋಬೇಕು: ನನ್ನ ಎಡಗೈ ಭಾರವಾಗ್ತಿದೆ. ತುಂಬಾ ಭಾರವಾಗ್ತಿದೆ. ಕೈ ಬೆಚ್ಚಗಾಗ್ತಿದೆ. ಒಂದೊಂದು ವಾಕ್ಯ ಆರಾರು ಸಲ, ನಡುವೆ ಎರಡೆರಡು ಉಸಿರು. ನಿಜವಾಗ್ಲೂ ಭಾರ ಆಗುತ್ತೆ ನೋಡಿ, ಸ್ನಾಯು ಸಡಿಲ ಬಿಟ್ಟಾಗ ಹಾಗಾಗುತ್ತೆ. ಕೆಲವರಿಗೆ ಮೂರನೇ ವಾರಕ್ಕೇ ಬರುತ್ತೆ, ಕೆಲವರಿಗೆ ಬರೋದೇ ಇಲ್ಲ. ಮನೇಲಿ ದಿನಾ ಅಭ್ಯಾಸ ಮಾಡ್ತಿದ್ರಲ್ವಾ? ಊಟ ಆದ್ಮೇಲೆ, ಸೋಫಾ ಮೇಲೆ?

...ಇಲ್ವಾ? ಒಂದು ದಿನವೂ? ಕಳ್ಳ! ನನ್ನ ಹತ್ರ ದಿನಾ ಮಾಡ್ತೀನಿ ಅಂತ ಆಣೆ ಇಟ್ಟು ಹೇಳ್ತಿದ್ರು.

ಇಲ್ಲೂ ಅಷ್ಟೇ, ಸುಮ್ನೆ ಎಲ್ಲಿ ಮಲಗ್ತಿದ್ರು! ಇಲ್ಲೊಂದು ನಿಯಮ ಇದೆ. ಅಭ್ಯಾಸದ ನಡುವೆ ಯಾರೂ ಮಾತಾಡಬಾರದು. ಏನಾದ್ರೂ ತೊಂದರೆ ಆದ್ರೆ ಒಂದು ಕೈ ಎತ್ತಿದ್ರೆ ಸಾಕು, ನಾನೇ ಸದ್ದಿಲ್ಲದೆ ಹತ್ರ ಬರ್ತೀನಿ. ಹದಿನಾರು ವರ್ಷದಲ್ಲಿ ಎತ್ತಿದೋರು ಮೂರೋ ನಾಲ್ಕೋ ಜನ. ಒನ್ನೋ ಪ್ರತಿ ವಾರ ಎತ್ತೋರು. ಮೊದಲನೇ ವಾರ, ಕಿಟಕಿಯಿಂದ ಗಾಳಿ. ಎರಡನೇ ವಾರ, ಹೀಟರ್ ಕಟಕಟ ಅಂತಿದೆ ಅಂತ. ಅವರೇ ಎದ್ದು ಜೇಬಿಂದ ಎಂಥದೋ ಚಾವಿ ತೆಗೆದು ತಿರುವಿ ಸರಿ ಮಾಡಿದ್ರು! ಮೂರನೇ ವಾರ, ಮೇಣದಬತ್ತಿ ಪರದೆಗೆ ಹತ್ರ ಇದೆ ಅಂತ. ಇತ್ತು, ಹೌದು. ಆಮೇಲೆ ಪಕ್ಕದ ವ್ಯೂಬೊ ಗೊರಕೆ ಹೊಡೀತಾನೆ ಅಂತ. ಪ್ರತಿ ಸಲವೂ ಅವರು ಹೇಳಿದ್ದು ಸರಿಯಾಗೇ ಇರ್ತಿತ್ತು, ಅದೇ ಕಷ್ಟ. ಉಳಿದೋರು ಗೊಣಗೋಕೆ ಶುರು ಮಾಡಿದ್ರು. ಶಾಲೆ ಟೀಚರ್ ಆಂಟ್ಯೆ ಅಂತೂ ಮುಖಕ್ಕೇ ಹೇಳಿದ್ಲು: ‘ನಾವು ಇಲ್ಲಿಗೆ ಬರೋದು ಬಸ್ಸು ಮರೆಯೋಕೆ. ಈ ಮನುಷ್ಯ ಇಲ್ಲೂ ಸ್ಟಾಪ್ ಸ್ಟಾಪಿಗೆ ನಿಲ್ಲಿಸ್ತಾನೆ.’

ನಕ್ಕಿದ್ದೇ ನಕ್ಕಿದ್ದು. ಅವರೂ ನಕ್ರು. ಒನ್ನೋನೇ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು.

ಅದೇನದು, ಕೈಚೀಲದಿಂದ... ಓ. ನನ್ನ ಪತ್ರ. ಅದನ್ಯಾಕೆ ತಂದ್ರಿ? ಅದನ್ನ ಆವತ್ತು ಆ ಸ್ಥಿತಿಯಲ್ಲಿ ಬರೆದದ್ದು, ಅಕ್ಷರವೂ ನೆಟ್ಟಗಿಲ್ಲ. ಓದಬೇಕಾ? ನಾನೇ ಓದ್ಬೇಕಾ, ಗಟ್ಟಿಯಾಗಿ?... ಸರಿ. ‘ಪ್ರಿಯ ಫ್ರೌ ತಮ್ಮೆನಾ, ನಿಮ್ಮ ಪತಿ ಯಾವ ನೋವೂ ಇಲ್ಲದೆ, ಆಳವಾದ ವಿಶ್ರಾಂತಿಯಲ್ಲಿ ಕಣ್ಣು ಮುಚ್ಚಿದರು. ಎಂದಿನಂತೆ ನಾನೂ ಎಲ್ಲರ ಜೊತೆ ಕಣ್ಣು ಮುಚ್ಚಿಕೊಂಡಿದ್ದೆ. ಕೊನೆಗೆ ಗಂಟೆ ಬಾರಿಸಿದಾಗಲೇ ಗೊತ್ತಾಯಿತು.’ ಇಷ್ಟೇ. ವೈದ್ಯರಿಗೂ ಇದನ್ನೇ ಹೇಳಿದೆ. ಪೊಲೀಸರಿಗೂ. ಅವರು ಬರ್ಕೊಂಡು ಹೋದ್ರು, ಒಂದು ಪ್ರಶ್ನೆಯೂ ಕೇಳಲಿಲ್ಲ. ಯಾರೂ ಏನೂ ಕೇಳಲಿಲ್ಲ!

ನೋವಿರಲಿಲ್ಲ, ಫ್ರೌ ತಮ್ಮೆನಾ. ಆವತ್ತು ಬರುವಾಗ ತಮಾಷೆ ಮಾಡ್ಕೊಂಡೇ ಬಂದ್ರು. ಮಳೆಕೋಟು ಬಿಚ್ಚೋಕೆ ಸ್ವಲ್ಪ ಒದ್ದಾಡಿದ್ರು, ಆಮೇಲೆ ಅಂದ್ರು, ‘ಗೇಸಿನೆ, ಇವತ್ತು ನೀನು ಶುರು ಮಾಡೋ ಮುಂಚೇನೇ ನನ್ನ ಎಡಗೈ ಭಾರವಾಗಿದೆಯಮ್ಮಾ, ಮಧ್ಯಾಹ್ನದಿಂದ.’ ನಾನೂ... ಚಪ್ಪಾಳೆ ತಟ್ಟಿದೆ. ‘ನೋಡಿ ಎಲ್ಲರೂ, ಏಳನೇ ವಾರ ಒನ್ನೋಗೆ ಬಂತು!’ ಅಂತ ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು, ಆಂಟ್ಯೆ ಕೂಡ. ಅವರು ತಲೆ ಬಾಗಿಸಿ ನಾಟಕದವರ ಹಾಗೆ ನಮಸ್ಕಾರ...

ಹಾಗೆ ನೋಡಬೇಡಿ. ನನಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಕೈ ಭಾರ ಅಂದ್ರೆ ಒಳ್ಳೇದು! ಹದಿನಾರು ವರ್ಷದಿಂದ ನನಗೆ ಕೈ ಭಾರ ಅಂದ್ರೆ ಒಳ್ಳೇದು! ಬೇರೆ ಎಲ್ಲಾದ್ರೂ, ಬಸ್ಸಲ್ಲೋ ಅಂಗಡೀಲೋ ಹೇಳಿದ್ರೆ ಯಾರಾದ್ರೂ ಕೂರಿಸಿ ನೀರು ಕೊಟ್ಟು ವೈದ್ಯರನ್ನ ಕರೀತಿದ್ರು. ಇಲ್ಲಿ ಹೇಳಿದ್ರು. ನನ್ನ ಹತ್ರ ಹೇಳಿದ್ರು.

ಈಗ ನನಗೆ ಆ ವಾಕ್ಯ ಬಾಯಿಗೆ ಬರಲ್ಲ. ಎಡಗೈ ಅಂತೀನಿ, ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಹಳೇ ಧ್ವನಿಮುದ್ರಣ ಹಾಕಿ ಮೂಲೇಲಿ ಕೂತಿರ್ತೀನಿ. ಜನ ಮಲಗಿ ನನ್ನ ದನಿ ಕೇಳಿ ಸಮಾಧಾನ ಆಯ್ತು ಅಂತಾರೆ, ಮನೆಗೆ ಹೋಗ್ತಾರೆ. ನನಗೆ ಗೊತ್ತಿರೋದನ್ನೆಲ್ಲ ನನ್ನ ಮೇಲೇ ಮಾಡಿ ನೋಡಿದೆ. ಉಸಿರು ಎಣಿಸೋದು, ಮುಷ್ಟಿ ಬಿಗಿಹಿಡಿದು ಬಿಡೋದು, ತಣ್ಣೀರಲ್ಲಿ ಕಾಲಿಡೋದು, ದಂಡೆ ಮೇಲೆ ಹೋಗಿ ಸಮುದ್ರ ನೋಡ್ತಾ ನಿಲ್ಲೋದು. ಯಾವುದೂ ಹತ್ತಲ್ಲ. ಮುಷ್ಟಿ ಬಿಗೀತೀನಿ, ಬಿಡೋಕೆ ಬರಲ್ಲ. ಕಣ್ಣು ಮುಚ್ಚಿದ್ರೆ ಆ ಉಂಗುರ. ಮೇಣದ ಬೆಳಕಲ್ಲಿ ಹಳದಿಯಾಗಿ, ಮೇಲೆ, ಗಾಳೀಲಿ ನಿಂತ ಹಾಗೆ...

ಏನು?

ಏನು ನೋಡ್ತಿದೀರಿ?... ಉಂಗುರ ಅಂದೆ. ಅವರ ಮದುವೆ ಉಂಗುರ. ಆವತ್ತು... ಇಲ್ಲ, ಅದು ಬೇರೆ ದಿನ. ಬೇರೆ ವಾರ ನೋಡಿರ್ಬೇಕು, ಹೀಟರಿನ ದಿನ...

ಪತ್ರ ಮಡಚಬೇಡಿ. ಏನಾದ್ರೂ ಹೇಳಿ. ಬೈಯಿರಿ.

ಕಣ್ಣು ಮುಚ್ಚಿರಲಿಲ್ಲ ನಾನು. ಯಾವತ್ತೂ ಮುಚ್ಚಲ್ಲ, ಕಲಿಸೋರು ಹೇಗೆ ಮುಚ್ಚೋಕಾಗುತ್ತೆ? ಹನ್ನೊಂದು ಜನ ಮಲಗಿದ್ರು. ಅಂಥ ನಿಶ್ಶಬ್ದ ನನ್ನ ಹದಿನಾರು ವರ್ಷದಲ್ಲಿ ಕೂಡಿಬಂದಿರಲಿಲ್ಲ, ವ್ಯೂಬೊ ಗೊರಕೆ ಕೂಡ ಇರಲಿಲ್ಲ. ನಾನು ‘ಹೃದಯ ಶಾಂತವಾಗಿ ಬಡಿಯುತ್ತಿದೆ’ ಅನ್ನೋದಕ್ಕೆ ಬಂದಿದ್ದೆ. ಆಗ ಒನ್ನೋ ಅವರ ಕೈ ಎದ್ದಿತು, ಉಂಗುರ ಇರೋ ಕೈ. ಬಲಗೈ. ಎಡಗೈ ಎತ್ತೋಕೆ... ಹೂಂ. ಬಲಗೈ.

ನೋಡಿದೆ. ಮತ್ತೆ ಶುರು ಮಾಡಿದ್ರಲ್ಲ ಅಂದ್ಕೊಂಡೆ. ಎಂಥ ಸಿಟ್ಟು ಬಂತು ಗೊತ್ತಾ! ಆ ಬುಧವಾರ ಶುರು ಮಾಡೋ ಮುಂಚೆ ಎಲ್ಲರ ಎದುರು ನಾನೇ ಹೇಳಿದ್ದೆ, ‘ಒನ್ನೋ, ಇವತ್ತು ಎಕ್ಸ್‌ಪ್ರೆಸ್ ಬಸ್ಸು, ನಡುವೆ ಸ್ಟಾಪ್ ಇಲ್ಲ.’ ಆಗಲಿ ಅಂದಿದ್ರು, ಸಲ್ಯೂಟ್ ಹೊಡೆದಿದ್ರು. ಅದಕ್ಕೇ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಓದ್ತಾ ಹೋದೆ. ದನಿ ಒಂದಿಷ್ಟೂ ಅಲುಗಲಿಲ್ಲ, ಫ್ರೌ ತಮ್ಮೆನಾ, ಅಷ್ಟು ಚೆನ್ನಾಗಿ ಓದಿದೆ. ಆ ಕೈ ಹಾಗೇ ಇತ್ತು. ಅವರು ಕೂಗಲಿಲ್ಲ. ಕೂಗಬಹುದಿತ್ತಲ್ಲ, ಒಂದು ಸಲ ನನ್ನ ಹೆಸರು ಹಿಡಿದು ಕೂಗಬಹುದಿತ್ತು. ಯಾರ ನೆಮ್ಮದಿಯನ್ನೂ ಕೆಡಿಸಬಾರದು ಅಂತ... ಹಣೆ ತಂಪಾಗಿದೆ ಅನ್ನೋ ವಾಕ್ಯಕ್ಕೆ ಬರೋ ಹೊತ್ತಿಗೆ ಕೈ ಕೆಳಗಿತ್ತು. ಸದ್ಯ, ಬುದ್ಧಿ ಬಂತು ಅಂದ್ಕೊಂಡೆ.

ಅಂದ್ಕೊಂಡೆ. ಹಾಗೇ ಅಂದ್ಕೊಂಡೆ.

ಆ ಕೈ ಎಷ್ಟು ಹೊತ್ತು ಮೇಲಿತ್ತು ಅಂತ ನನಗೆ ಗೊತ್ತು. ವಾಕ್ಯ ಎಲ್ಲಾ ಒಂದೇ ಅಳತೆ, ಉಸಿರು ಸಮೇತ. ಹೃದಯದಿಂದ ಹಣೆ ತನಕ. ಆರು ವಾರದಿಂದ ಮನಸ್ಸಲ್ಲಿ ಅದನ್ನೇ ಓದಿ ಓದಿ ನೋಡ್ತಿದೀನಿ, ಪ್ರತಿ ಸಲ ಅಷ್ಟೇ ಬರುತ್ತೆ, ಒಂದು ಕ್ಷಣ ಕಡಿಮೆ ಬರಲ್ಲ. ಈ ಊರಲ್ಲಿ ಅದನ್ನ ನನ್ನ ಹತ್ರ ಕೇಳೋರು ಯಾರೂ ಇಲ್ಲ. ನಾನಾಗೇ ಹೇಳೋಕೆ ನನ್ನ ಕೈಲಾಗಲ್ಲ, ಆದ್ರೆ ನೀವು ಕೇಳಿದ್ರೆ ಹೇಳ್ತೀನಿ. ನೀವೊಬ್ಬರೇ ಕೇಳಬೇಕಾದೋರು. ಕೋಟು ಆಮೇಲೆ ಹಾಕ್ಕೊಳ್ಳಿ... ನಿಲ್ಲಿ. ಒಂದೇ ಒಂದು ಮಾತು.

ಎಷ್ಟು ಹೊತ್ತು ಅಂತ ಕೇಳಿ. ಕೇಳಿ, ಫ್ರೌ ತಮ್ಮೆನಾ.