ಪಾನಾ ಕೊಟ್ಟ ಕೈ

ಆ ಬಾಗಲಾ ಸ್ವಲ್ಪ ಮುಂದ ಮಾಡ್ರಿ... ಹಾಂ, ಸಾಕು. ಇದೇನು ಎಲ್ಲೋ ಕೇಳಿದ ಸುದ್ದಿ ಅಲ್ಲ. ನಮ್ಮ ಕಾಕಾನ ಮಗಳು ಪದ್ಮಜಾ ಅದಾಳಲ್ಲ, ಬೈಲಹೊಂಗಲಕ್ಕ ಕೊಟ್ಟದ್ದು, ಅಕಿ ಗಂಡ ರಘೋತ್ತಮಗ ಆದದ್ದು. ಹೋದ ವರ್ಷದ ಮಾತು.

ರಘೋತ್ತಮನ್ನ ನೀವು ನೋಡಿಲ್ಲ. ನೋಡಿದ್ರ ನಿಮಗೂ ದಡ್ಡರು ಅಂತಿದ್ದ. ಅವನ ಅಜ್ಜ ದೊಡ್ಡ ಶಾಸ್ತ್ರಿಗಳು. ಅವರು ಓಣ್ಯಾಗ ಬಂದ್ರ ಮಂದಿ ಕಟ್ಟಿ ಬಿಟ್ಟು ಎದ್ದು ನಿಲ್ತಿದ್ರಂತ. ಮಮ್ಮಗಗ ಶಾಸ್ತ್ರ ಬರಲಿಲ್ಲ, ಮಂದಿ ಎದ್ದು ನಿಲ್ಲಬೇಕು ಅನ್ನೂ ಚಟಾ ಅಷ್ಟ ಬಂತು. ಮನಿ ಮಾಳಗಿ ಮ್ಯಾಲೆ ಹುಡುಗರಿಗೆ ಗಣಿತ ಹೇಳ್ತಾನ. ಹುಟ್ಟಿದಾಗಿಂದ ಒಬ್ಬರಿಗೂ ‘ರೀ’ ಅಂದಾವಲ್ಲ. ಕಂಡಕ್ಟರಗ ‘ಏ’, ಬ್ಯಾಂಕಿನ ಮ್ಯಾನೇಜರಗ ‘ನೀನು’. ಹೆಂಡತಿಗಂತೂ ಹೆಸರೂ ಇಲ್ಲ... ‘ಲೇ’.

ಅಂಥಾವ ಒಂದಿನ ಬೆಳಗಾವ್ಯಾಗಿಂದ ಹಳೇ ಜರ್ಮನ್ ಕಾರು ಹೊಡ್ಕೊಂಡು ಬಂದ. ಯಾರೋ ಡಾಕ್ಟರು ಕಣ್ಣ ಮುಂದಿಂದ ಹೋದ್ರ ಸಾಕು ಅಂತ ಕೊಟ್ಟದ್ದು. ಕರೀ ಬಣ್ಣ, ಹೆಣ ಇಟ್ಟಂಗ ಉದ್ದ, ಬಾನೆಟ್ ಮ್ಯಾಲೆ ಸಿಪ್ಪಿ ಸುಲದಿತ್ತು. ‘ಇಡೀ ತಾಲೂಕಿನ್ಯಾಗ ಇಂಥಾದ್ದು ಇನ್ನೊಂದಿಲ್ಲ’ ಅಂದ. ಅದು ಖರೇನ. ಅದಕ್ಕ ಅದನ್ನ ರಿಪೇರಿ ಮಾಡಾವರೂ ಇಡೀ ತಾಲೂಕಿನ್ಯಾಗ ಇರಲಿಲ್ಲ. ಗ್ಯಾರೇಜಿನ ಬಸವಲಿಂಗ ಮರ್ಯಾದಿಲೇ ಹೇಳಿದ, ‘ಸರ, ಇದರ ಸಾಮಾನು ನಮ್ಮ ಕಡೆ ಸಿಗೂದಿಲ್ರಿ, ಬೆಳಗಾವಿಗೆ ಒಯ್ರಿ.’

‘ಟ್ರ್ಯಾಕ್ಟರ್ ಬಡ್ಯಾವ ನೀನು, ನಿನಗೇನು ತಿಳೀತದ? ನಾನs ಮಾಡ್ತೀನಿ, ಬಂದು ನೋಡಿ ಕಲಿ.’

ಅವತ್ತಿನಿಂದ ಫೋನಿನ್ಯಾಗ ವಿಡಿಯೋ ಹಚ್ಚೂದು, ಅಂಗಳದಾಗ ಗಾಡಿ ಬಿಚ್ಚೂದು. ಎಡಕ್ಕ ಹೊಳ್ಳೂ ದೀಪ ಹಾಕಿದ್ರ ಗಾಜು ಒರಸೂ ಕಡ್ಡಿ ಆಡೂದು. ಗಾಡಿ ಜೋಡಿಸಿ ಮುಗಿಸಿದ್ರೂ ನಟ್ಟು ಉಳಿಯೂವು. ಪದ್ಮಜಾ ಬೊಗಸಿ ತುಂಬ ತಂದು ತೋರಿಸಿದ್ರ, ‘ಬೇಕಂತನ ಹೆಚ್ಚಿಗೆ ಹಾಕಿರ್ತಾರ, ನಿನಗ ತಿಳಿಯೂದಿಲ್ಲ’ ಅಂತಿದ್ದ. ಅಕಿನೂ ಏನು ಕಡಿಮಿ ಅಲ್ಲ. ಬಂದವರ ಮುಂದೆಲ್ಲಾ, ‘ಇದು ಗಾಡಿ ಅಲ್ರಿ, ನನ್ನ ಸವತಿ. ಅದೂ ರೋಗಿಷ್ಟ ಸವತಿ. ಇವರು ಹಗಲೂ ರಾತ್ರಿ ಅದರ ಕಾಲಾಗ ಬಿದ್ದಿರ್ತಾರ’ ಅಂತಿದ್ಲು.

ಹಿಂಗಿರಬೇಕಾದ್ರ ರಾಮದುರ್ಗದಾಗ ನಮ್ಮ ರಾಧಾಬಾಯಿ ಅತ್ತಿ ಮನ್ಯಾಗ ಮುಂಜಿವಿ ಬಂತು. ಹಿಂದಿನ ದಿನಾನ ಇಂವ ರೇಡಿಯೇಟರಿಗೆ ನೀರು ಹೋಗೂ ರಬ್ಬರ್ ಪೈಪು ತಾನs ಬದಲಿ ಮಾಡಿದ್ದ. ಊಟದ ಪಂಕ್ತ್ಯಾಗ ಕುಂತು ಬರೇ ಅದನ್ನ ಹೇಳಿದ. ಮಂದಿ ಹೋಳಿಗಿ ತಿಂದು, ಎಲಿ ಎತ್ತಿ, ಎದ್ದು ಹೋದ್ರೂ ಇವನ ಪೈಪು ಮುಗೀಲಿಲ್ಲ. ಹೊರಡೂದ್ರಾಗ ಕತ್ತಲಾತು.

‘ರಾತ್ರಿ ಉಳೀರೆಪಾ’ ಅಂದ್ಲು ರಾಧಾಬಾಯಿ ಅತ್ತಿ.

‘ಯಾಕ, ನಿನ್ನ ಮನಿ ತಗಣಿಗೆ ಊಟ ಹಾಕ್ಲಿಕ್ಕೆ?’

‘ಹಂಗಾದ್ರ ದೊಡ್ಡ ದಾರಿ ಬಿಡಬ್ಯಾಡ.’

ಸವದತ್ತಿ ದಾಟಿದವನ ದೊಡವಾಡದ ಕಡೆ ಒಳದಾರಿ ಹಿಡದ. ಮುದುಕಿ ಹೇಳಿದ್ದು ಕೇಳಿದ್ರ ಇವನ ಶಾಣ್ಯಾತನ ಎಲ್ಲಿ ಉಳೀತು?

ದಾರ್ಯಾಗ ಒಂದು ನರಪಿಳ್ಳಿ ಇಲ್ಲ. ಎರಡೂ ಕಡೆ ಕಬ್ಬು. ಒಂದು ಕಡೆ ಕಬ್ಬು ಮುಗದು ದೊಡ್ಡ ಆಲದ ಗಿಡ ಬರ್ತದ, ಅದರ ಬುಡಕ ಕಲ್ಲು ಕಟ್ಟಿದ ಬಾವಿ. ಅಗದೀ ಅಲ್ಲೇ... ‘ಟಿಣ್’ ಅಂತ ಗಾಡಿ ಒಳಗ ಗಂಟಿ ಬಡೀತು. ಕೆಂಪು ದೀಪ ಹತ್ತಿತು. ಬಾನೆಟ್ ಸಂದ್ಯಾಗಿಂದ ಉಗಿ ಬರಲಿಕ್ಕತ್ತಿತು... ಸುಸ್ಸ್ಸ್...

ಗಾಡಿ ನಿಂತಿತು. ಕಾದ ಕಬ್ಬಿಣ ಆರೂ ಸಪ್ಪಳ ಅಷ್ಟ. ಟಿಕ್... ಟಿಕ್... ಟಿಕ್...

‘ನಿಮ್ಮ ಪೈಪು’ ಅಂದ್ಲು ಪದ್ಮಜಾ.

‘ಬಾಯಿ ಮುಚ್ಚು. ಪೈಪು ಚಲೋನ ಅದ, ಅದನ್ನ ಬಿಗಿಯೂ ಪಟ್ಟಿ ಸಡ್ಲಾಗ್ಯದ.’

ಕೆಳಗಿಂದ ಪಟ್ಟಿ ಬಿಗಿ ಮಾಡಬೇಕಿತ್ತು. ಗಾಡಿ ಆರೂತನಾ ಕಾದು ಡಿಕ್ಕಿ ತಗದ, ಜ್ಯಾಕ್ ಹಚ್ಚಿ ಹಿಡಿಕಿ ತಿರುವಿದ. ಕಿರ್ರ್... ಕಿರ್ರ್... ಗಾಡಿ ಮೂತಿ ಮ್ಯಾಲೆ ಎದ್ದಿತು. ನಟ್ಟು ತಿರುವೂ ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಒಂದು ಗೋಣಿತಟ್ಟಿನ ಮ್ಯಾಲೆ ಸುರುವಿ, ಫೋನಿನ ಬ್ಯಾಟರಿ ದೀಪ ಹಚ್ಕೊಂಡು ಅಂಗಾತ ಗಾಡಿ ಕೆಳಗ ಸರದ. ಪದ್ಮಜಾ ಬಗ್ಗಿ ಏನೋ ಅಂದ್ಲು. ಇಂವ ಕೇಳಲಿಲ್ಲ. ಅಕಿ ಮಾತು ಅಂವ ಯಾವತ್ತು ಕೇಳ್ಯಾನ, ಅವತ್ತು ಕೇಳ್ಲಿಕ್ಕೆ?

ತಳಕ್ಕೊಂದು ಪ್ಲಾಸ್ಟಿಕ್ ಪತ್ರಾ ಇರ್ತದ. ಅದನ್ನ ಬಿಚ್ಚಬೇಕು.

‘ಲೇ, ಹತ್ತು ನಂಬರ್ ಪಾನಾ ಕೊಡು.’

ಏನೂ ಸಪ್ಪಳಿಲ್ಲ...

‘ಲೇ! ಕಿವುಡ್ಯಾದಿ ಏನು?’

ಖಣ್... ಕಬ್ಬಿಣಕ್ಕ ಕಬ್ಬಿಣ ತಾಗಿತು. ಗಾಡಿ ಅಂಚಿನ ಕೆಳಗಿಂದ ಒಂದು ಕೈ ಬಂತು. ಬೆರಳಾಗ ಪಾನಾ ಇತ್ತು. ಇಂವ ಕೈ ನೋಡಲಿಲ್ಲ, ಪಾನಾ ನೋಡಿದ. ಅಗದೀ ಹತ್ತು ನಂಬರಿಂದs.

‘ಅಂತೂ ಇಷ್ಟು ವರ್ಷಕ್ಕ ಅಂಕಿ ಓದ್ಲಿಕ್ಕೆ ಬಂತು.’

ಪತ್ರಾ ಬಿಚ್ಚಿದ. ಸ್ಕ್ರೂಡ್ರೈವರ್ ಕೇಳಿದ. ಬಂತು. ಹಿಡಿಕಿ ಒದ್ದಿ ಆಗಿತ್ತು. ಅದರ ಮ್ಯಾಗಿನ ನೀರು ಇವನ ಮುಂಗೈ ಮ್ಯಾಲೆ ಬಿತ್ತು. ತಣ್ಣಗ... ಹಿಮಾ ಹಿಮಾ.

‘ನೀರಾಗ ಕೈ ಯಾಕ ಹಾಕಿದ್ದಿ? ಕಬ್ಬಿಣ ಜಂಗ್ ಹಿಡೀತದ ಅಂತ ತಿಳೀದಷ್ಟು ಗಾವಟಿ ಏನು ನೀನು?’

‘ಹೂಂ.’

ಮೆಲ್ಲಕ ಬಂತು ದನಿ. ಇದ್ದೂ ಇಲ್ಲದಂಗ.

ಹೆಂಡತಿ ತಿರುಗಿ ಮಾತಾಡ್ಲಿಲ್ಲ ಅಂತ ಇವಗ ಇನ್ನೂ ಹುರುಪು ಬಂತು. ಪಟ್ಟಿ ತಿರುವಿಕೋತ ಸುರು ಮಾಡಿದ. ಅಕಿ ತವರುಮನಿ ಮಂದಿಗೆ ಅಕ್ಕಲ್ ಇಲ್ಲ. ಬಸವಲಿಂಗ ಕತ್ತಿ ಕಾಯಾಕ ಲಾಯಕ್ಕು. ಊರಾಗ ತಲಿ ಇರೂದು ತನಗೊಬ್ಬಗನ, ಉಳದವ್ರಿಗೆಲ್ಲಾ ಟೊಪಗಿ ಇಡ್ಲಿಕ್ಕೆ ಒಂದು ಗೂಟ. ಒಂದೊಂದು ಮಾತಿಗೂ ಹೊರಗಿಂದ ‘ಹೂಂ’... ‘ಹೂಂ’... ಇಷ್ಟು ಚಂದ ಹೂಂಗುಡೂ ಮನಶ್ಯಾರು ಅವಗ ಜನ್ಮದಾಗ ಸಿಕ್ಕಿರಲಿಲ್ಲ.

ಪಟ್ಟಿ ಬಿಗಿ ಆತು. ಕೈ ಒರಸಿಕೊಂಡ. ಅಲ್ಲೇ ಮಲಕೊಂಡs ಅಂದ:

‘ಜ್ಯಾಕ್ ಇಳಸೂದರೇ ಗೊತ್ತದನು ನಿನಗ? ಅಷ್ಟರೇ ಬರ್ತದೋ, ಅದಕ್ಕೂ ನಾನs ಬರಬೇಕೋ?’

‘ಹೂಂ.’

ಕಿರ್ರ್...

ಗಾಡಿ ಹೆಬ್ಬೆರಳಷ್ಟು ಕೆಳಗ ಬಂತು.

‘ಏ! ಈಗಲ್ಲ! ನಾ ಇನ್ನೂ ಹೊರಗ ಬಂದಿಲ್ಲ!’

ಕಿರ್ರ್...

‘ಲೇ ಮೂಳಿ, ತಲಿಗಿಲಿ ಕೆಟ್ಟದೇನು? ನಿಲ್ಲಸು!’

ಕಿರ್ರ್... ಕಿರ್ರ್...

ಅವಸರ ಇಲ್ಲ. ಸಿಟ್ಟಿಲ್ಲ. ಹೇಳಿದ ಕೆಲಸ ಒಬ್ಬರು ನಿವಾಂತ ಮಾಡ್ತಾರಲ್ಲ, ಹಂಗ. ಇಂವ ಸರೀಲಿಕ್ಕೆ ನೋಡಿದ. ಅಂಗಿ ಎಲ್ಲೋ ಸಿಕ್ಕೊಂಡಿತ್ತು. ಎದಿಗೆ ಕಬ್ಬಿಣ ತಾಗಿತು. ಇನ್ನೂ ಬೆಚ್ಚಗಿತ್ತು ಅದು. ಉಸರು ಅರ್ಧಕ್ಕ ನಿಂತಿತು. ಕುತಗಿ ಹೊಳ್ಳಿಸಿ ಜ್ಯಾಕಿನ ಕಡೆ ನೋಡಿದ. ಬ್ಯಾಟರಿ ಬೆಳಕು ಅಲ್ಲಿತನಾ ಹೋಗಿತ್ತು. ಹಿಡಿಕಿ ತಿರುಗಲಿಕ್ಕತ್ತಿತ್ತು... ಅದರ ಹಿಂದ ಸೀರಿ ನೆರಗಿ ಇಲ್ಲ, ಕಾಲಿಲ್ಲ, ಚಪ್ಪಲಿಲ್ಲ. ಬರೇ ಹುಲ್ಲು.

ಅಷ್ಟರಾಗ ದೂರ, ಕಬ್ಬಿನ ಆಚೆ, ಇನ್ನೊಂದು ದಿಕ್ಕಿನಿಂದ, ಬಳಿ ಸಪ್ಪಳ ಕೇಳಿಸ್ತು. ಝಲ್... ಝಲ್... ಅದರ ಹಿಂದ ಪದ್ಮಜಾಳ ದನಿ. ‘ಬಂದೆ ರೀ... ನೀರು ಸಿಕ್ತು...’

ಹೆಂಡತಿ ಅಲ್ಲಿ ಇದ್ಲು.

ಕಿರ್ರ್...

ರಘೋತ್ತಮಗ ಒದರ್ಲಿಕ್ಕೆ ಉಸರಿರಲಿಲ್ಲ. ಬಾಯಾಗ ಮಂತ್ರ ಬರಲಿಲ್ಲ. ಅಜ್ಜ ಕಲಿಸಿದ್ದೆಲ್ಲಾ ಎಲ್ಲಿ ಹೋತೋ ಏನೋ. ಹುಟ್ಟಿ ಬುದ್ಧಿ ಬಂದ ಮ್ಯಾಲೆ ಮೊದಲನೇ ಸಲ, ಪಿಸುಗುಟ್ಟಿ ಅಂದ:

‘ನಿಲ್ಲಸ್ರಿ...’

ಹಿಡಿಕಿ ತಡೀತು.

‘ಕೈ ಮುಗೀತೀನ್ರಿ... ತಪ್ಪಾತ್ರಿ... ಸಾಕ್ರಿ...’

‘ಹೂಂ.’

ಆಮ್ಯಾಲೆ ಏನೂ ಇಲ್ಲ. ಹೆಜ್ಜಿ ಸಪ್ಪಳ ಇಲ್ಲ. ಹುಲ್ಲು ಸರದಾಡಲಿಲ್ಲ. ಬಾವ್ಯಾಗ ಏನೂ ಬೀಳಲಿಲ್ಲ. ‘ಹೋಗಿದ್ರ ಹೋದ ಸಪ್ಪಳರೇ ಬರಬೇಕಿತ್ತಲ್ಲ’ ಅಂತ ಅಂವ ಆಮ್ಯಾಲೆ ಎಷ್ಟು ಸಲ ಅಂದಾನೋ ಲೆಕ್ಕಿಲ್ಲ. ಅದು ಅಲ್ಲೇ ನಿಂತದೋ, ಹೋತೋ, ತಿಳೀಲಾರದ ಹಂಗ ಬಿದ್ದಿದ್ದ, ಎದಿ ಮ್ಯಾಲೆ ಗಾಡಿ ಇಟ್ಕೊಂಡು.

ಪದ್ಮಜಾ ಬಂದ್ಲು. ಕೂಡ ಅಲ್ಲೇ ಹೊಲದ ಮನ್ಯಾಗ ಇರೂ ಕೆಂಚವ್ವ, ತಲಿ ಮ್ಯಾಲೆ ನೀರಿನ ಕೊಡ, ಕೈಯಾಗ ಬ್ಯಾಟರಿ.

‘ಯವ್ವಾ, ಗಾಡಿ ಇವರ ಮ್ಯಾಲೆ ಕುಂತೈತಲ್ಲs ಬೇ!’ ಅಂತ ಕೆಂಚವ್ವ ಕೊಡ ಒಗದು ಓಡಿ ಬಂದು ಜ್ಯಾಕ್ ಹಿಡಿಕಿ ಹಿಡದ್ಲು. ಪದ್ಮಜಾ ಕಾಲು ಹಿಡದು ಜಗ್ಗಿದ್ಲು. ಅಂಗಿ ಪರ್ರ್ ಅಂತ ಹರೀತು, ಮನಶ್ಯಾ ಹೊರಗ ಬಂದ. ಮಾರಿ ಸುಣ್ಣ ಬಳದಂಗ ಆಗಿತ್ತು.

‘ಪಾನಾ ಕೊಟ್ಟಾಕಿ ನೀನs ಹೌದಲ್ಲೊ?’ ಅಂದ.

‘ಎಲ್ಲೀ ಪಾನಾ? ಈ ಬಾವಿಗೆ ಹಗ್ಗಿಲ್ಲ, ಹೊಲದ ಮನಿಯಿಂದ ನೀರು ತರ್ತೀನಿ ಅಂತ ಹೇಳೇ ಹೋದ್ನಲ್ಲ. ಈಗ ಬರಲಿಕ್ಕತ್ತೀನಿ.’

‘ಹೂಂ ಅಂದಾಕಿ?’

ಪದ್ಮಜಾ ಅವನ ಮಾರಿ ನೋಡಿದ್ಲು. ಅಕಿ ಬಾಯಾಗ ಒಂದು ಮಾತು ತಯಾರಿತ್ತು, ‘ನಿಮ್ಮ ಮಾತಿಗೆ ಹೂಂ ಅನ್ನಾವರು ಯಾರದಾರ’ ಅಂತ. ಅಂದಿಲ್ಲ. ನನಗ ಹೇಳ್ಯಾಳ ಅಕಿನ. ನುಂಗಿಕೊಂಡು ಗಾಡಿ ಚಾವಿ ತಗೊಂಡ್ಲು, ಬಾಗಲಾ ಹಾಕಿ ಲಾಕ್ ಮಾಡಿದ್ಲು, ನಾಲ್ಕೂ ಬಾಗಲಾ ಜಗ್ಗಿ ನೋಡಿದ್ಲು, ಚಾವಿ ಪರ್ಸಿನ್ಯಾಗ ಇಟ್ಟು ಪರ್ಸು ಸೊಂಟಕ್ಕ ಸಿಗಿಸಿದ್ಲು. ಮೂವರೂ ಬಾವಿ ಮಗ್ಗಲಿಂದ ನಡಕೋತ ಕೆಂಚವ್ವನ ಮನಿಗೆ ಹೊಂಟ್ರು. ಇಡೀ ತಾಲೂಕಿನ್ಯಾಗ ಒಂದs ಇರೂ ಜರ್ಮನ್ ಗಾಡಿ ಸಾವಕಾರ, ಹೆಂಡತಿ ಸೆರಗು ಹಿಡಕೊಂಡು.

ಬಾವಿ ದಾಟಿದ ಮ್ಯಾಲೆ ಪದ್ಮಜಾ ಮೆಲ್ಲಕ ಕೇಳಿದ್ಲು, ‘ಕೆಂಚವ್ವಾ, ಈ ಬಾವ್ಯಾಗ ಯಾರರೇ...?’

‘ಯಾರೂ ಬಿದ್ದಿಲ್ರೀ ಯವ್ವಾ. ಯಾರೂ ಸತ್ತಿಲ್ಲ. ನಾ ಇಲ್ಲೆ ಮೈನೆರದಾಕಿ, ಇಲ್ಲೆ ಮುದುಕ್ಯಾದಾಕಿ. ಏನೂ ಇಲ್ಲ ಇಲ್ಲಿ.’ ನಾಕು ಹೆಜ್ಜಿ ನಡದು ಅಂದ್ಲು, ‘ಆದ್ರ ನಾವು ಆ ಗಿಡದ ಬುಡಕ ಯಾರನ್ನೂ ಏನೂ ಬೇಡೂದಿಲ್ರಿ. ಹಿಂದಕಿನ ಮಂದಿನೂ ಬೇಡತಿರ್ಲಿಲ್ಲ.’

ಪದ್ಮಜಾ ಹೆಜ್ಜಿ ಜೋರು ಮಾಡಿದ್ಲು.

ಮುಂಜಾನೆ ಅಕಿ ನನಗ ಫೋನ್ ಹಚ್ಚಿದ್ಲು. ಮೋಟಾರಸೈಕಲ್ ಮ್ಯಾಲೆ ನಾ ಹೋಗೂದ್ರಾಗ ರಘೋತ್ತಮನ ಹೊಟ್ಟ್ಯಾಗ ಚಹಾ ಬಿದ್ದಿತ್ತು, ಬಾಯಿಗೆ ಜೀವ ಬಂದಿತ್ತು. ಕೆಂಚವ್ವನ ಹೊರಸಿನ ಮ್ಯಾಲೆ ಕುಂತು ಅಕಿ ಚಹಾಕ್ಕ ಹೆಸರಿಡಲಿಕ್ಕತ್ತಿದ್ದ. ‘ಇಂಜಿನ್ನಿನ ಗ್ಯಾಸು ತಲಿಗೆ ಏರಿತ್ತು ಭರತ. ವಿಜ್ಞಾನದಾಗ ಅದಕ್ಕ ಹೆಸರದ. ನಿನಗ ತಿಳಿಯೂದಿಲ್ಲ ಬಿಡು.’ ನೋಡ್ರಿ, ಬಿದ್ರೂ ಮೀಸಿ ಮಣ್ಣಾಗಿಲ್ಲ.

‘ಹಂಗಾದ್ರ ನಡೀರಿ, ಗಾಡಿ ತರೂಣು’ ಅಂದೆ.

ಚಹಾದ ಕಪ್ಪು ನೆಲದ ಮ್ಯಾಲೆ ಇಟ್ಟ. ‘ನೀನs ಹೋಗಿ ತಗೊಂಡು ಬಾ’ ಅಂದ. ನನ್ನ ಮಾರಿ ನೋಡಲಿಲ್ಲ.

ಅವನ ಸ್ವಭಾವ ಏನೂ ಬದಲಾಗಿಲ್ಲ, ಅದನ್ನೂ ಹೇಳಿಬಿಡ್ತೀನಿ. ಇವತ್ತಿಗೂ ಅಂವಗ ಊರೆಲ್ಲಾ ದಡ್ಡರ. ಗಾಡಿ ಒಂದನ್ನ ಬೆಳಗಾವಿಗೆ ಒಯ್ತಾನ, ತಾ ಕೈ ಹಚ್ಚೂದಿಲ್ಲ. ಮತ್ತ ಹಿಂದಿಂದ ಯಾರರೇ ಏನರೇ ಕೊಟ್ರ, ಒಂದು ಲೋಟಾ ನೀರು ಕೊಟ್ರೂ, ಮೊದಲ ಹೊಳ್ಳಿ ಮಾರಿ ನೋಡ್ತಾನ. ಆಮ್ಯಾಲೆ ಕೈ ಚಾಚ್ತಾನ.

ಇರಲಿ. ಅವತ್ತು ಮುಂಜಾನೆ ಪದ್ಮಜಾ ಸೊಂಟದಾಗಿನ ಪರ್ಸಿನಿಂದ ಚಾವಿ ತಗದು ಕೊಟ್ಲು, ನಾ ಒಬ್ಬನ ಆಲದ ಗಿಡಕ್ಕ ಹೋದೆ. ಬಿಸಲು ಬಿದ್ದಿತ್ತು. ನಾಲ್ಕೂ ಬಾಗಲಾ ಹಾಕಿದ್ದು ಹಾಕಿದಂಗ ಇದ್ದು, ಗಾಜು ಏರಿಸಿದ್ದು ಏರಿಸಿದಂಗ. ಜ್ಯಾಕ್ ಇಳಿಸಿದೆ, ನೀರು ಹಾಕಿದೆ, ಬಾಗಲಾ ತಗದು ಸ್ಟೇರಿಂಗ್ ಹಿಂದ ಕೂಡ್ಲಿಕ್ಕೆ ಹೋದೆ. ಮಣಕಾಲು ಠಣ್ ಅಂತ ಬಡೀತು.

ಸೀಟು ಮುಂದ ಸರದಿತ್ತು. ಅಗದೀ ಮುಂದ... ಸ್ಟೇರಿಂಗಿಗೆ ಹತ್ತಿ ನಿಂತಂಗ. ರಘೋತ್ತಮ ಕಂಬದಂಗ ಎತ್ತರ, ಅಂವ ರಾಮದುರ್ಗದಿಂದ ಅದರ ಮ್ಯಾಲೆ ಕುಂತು ಬಂದಾನ. ಪದ್ಮಜಾಗ ಗಾಡಿ ಹೊಡೀಲಿಕ್ಕೆ ಬರೂದಿಲ್ಲ. ಆ ಸಂದ್ಯಾಗ ಒಂದು ಕೂಸೂ ಕೂಡ್ಲಿಕ್ಕೆ ಆಗ್ತಿರಲಿಲ್ಲ.

ಕೆಳಗ ಕೈ ಹಾಕಿ ಸೀಟು ಸರಿಸೂ ಸನ್ನಿ ಎತ್ತಿ ಹಿಂದ ನೂಕಿದೆ. ಖಟ್ ಅಂತು. ನಾನs ಸರಿಸೇನ್ರಿ, ಈ ಕೈಲೇ. ನಂಬೂದು ಬಿಡೂದು ನಿಮಗ ಬಿಟ್ಟದ್ದು.